ಅತ್ತೆಯವರ ಬಸಿಯ ಸದ್ದು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಬಗೆಯ ಚಹಾ ಆಗುತ್ತದೆ. ಅತ್ತೆಯವರದು ಶುಂಠಿ ಜಜ್ಜಿ ಹಾಕಿದ ಖಡಕ್ ಚಹಾ, ಸಕ್ಕರೆ ಇಲ್ಲದ್ದು. ಸಕ್ಕರೆ ಕಾಯಿಲೆ ಬಂದಮೇಲೆ ಅವರಿಗೆ ಈ ಸಪ್ಪನ ಚಹಾದ ರುಚಿಯೇ ಹಿಡಿದುಬಿಟ್ಟಿದೆ. ನನ್ನದಕ್ಕೆ ಹಾಲು ಹೆಚ್ಚು, ಏಲಕ್ಕಿ, ಎರಡು ಚಮಚ ಸಕ್ಕರೆ.

"ಇದು ಚಾ ಅಲ್ಲ ಯವ್ವಾ, ಪಾಯಸ. ಒಂದೀಟು ಶಾವಗಿ ಹಾಕಿಬಿಡು," ಎನ್ನುತ್ತಾರೆ ಅತ್ತೆಯವರು.

ಅವರು ಕಪ್ಪಿನಿಂದ ಕುಡಿಯುವವರಲ್ಲ. ಕೆಳಗಿನ ಬಸಿಗೆ ಸುರುವಿಕೊಂಡು, ತುಟಿಗೆ ಹಚ್ಚಿ, ಸೊರ್ ಎಂದು ಎಳೆಯುತ್ತಾರೆ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸದ್ದು ಮಾಡಿ ಕುಡಿದರೆ ಸಿಸ್ಟರ್ ತಿರುಗಿ ನೋಡುತ್ತಿದ್ದರು, ಅಷ್ಟು ಸಾಕಿತ್ತು. ಮದುವೆಯಾದ ಹೊಸದರಲ್ಲಿ ತವರಿನವರು ಬಂದಾಗ, ಅತ್ತೆಯವರ ಸದ್ದು ಕೇಳಿಸದಿರಲೆಂದು ಅಡುಗೆಮನೆಯ ನಲ್ಲಿ ಬಿಟ್ಟು ನಿಂತದ್ದುಂಟು.

ಹೋದ ವರ್ಷ ಶ್ರಾವಣದ ಒಂದು ಸೋಮವಾರ. ಅತ್ತೆಯವರದು ಒಪ್ಪತ್ತು, ಊಟ ಏನಿದ್ದರೂ ದೀಪ ಹಚ್ಚಿದ ಮೇಲೆ. ಚಹಾಕ್ಕೆ ಮಾತ್ರ ಉಪವಾಸದ ಅಡ್ಡಿಯಿಲ್ಲ. ತಪ್ಪಬಾರದೆಂದು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬೆಳಿಗ್ಗೆ ನಾನೇ ಅವರ ಅಂಗೈಯಲ್ಲಿ ಇಟ್ಟಿದ್ದೆ. ಯಜಮಾನರು ರೋಣಕ್ಕೆ ಹೋಗಿದ್ದರು.

ಮಧ್ಯಾಹ್ನ ಎರಡೂ ಚಹಾ ಸೋಸಿ, ಅವರದನ್ನು ಪಡಸಾಲೆಗೆ ಒಯ್ದೆ. ಬಸಿ ಹಿಡಿದ ಅವರ ಕೈ ನಡುಗಿ, ಕಪ್ಪಿಗೆ ತಾಗಿ ಕಟಕಟ ಎನ್ನುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಹೊರಗೆ ಮೋಡ, ತಣ್ಣನೆ ಗಾಳಿ, ಬೆವರುವ ದಿನವಲ್ಲ.

"ಏನಾತ್ರಿ, ಅತ್ತಿ?"

ನನ್ನನ್ನೇ ನೋಡಿದರು. "ನೀ ಯಾರ ಮನಿಯಾಕಿ?"

ಸಕ್ಕರೆ ಏರಿದೆ ಎಂದುಕೊಂಡೆ. ಸಕ್ಕರೆ ಕಾಯಿಲೆಯೆಂದರೆ ಏರುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ಸಪ್ಪನ ಚಹಾವನ್ನೇ ಇನ್ನೆರಡು ಗುಟುಕು ಕುಡಿಸಿದೆ. ತಲೆ ಗೋಡೆಗೆ ವಾಲಿತು.

ಬಾಜೂ ಮನೆಯ ಭಾಬಿಯನ್ನು ಕೂಗಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಬಂದರು.

"ಗುಳಗಿ ತಗೊಂಡಾರೇನ್ರಿ?"

"ಹೌದ್ರಿ."

"ಹೊಟ್ಟಿಗೆ?"

"ಒಪ್ಪತ್ತು ಐತ್ರಿ ಇವತ್ತ."

"ಮತ್ತ ಸಪ್ಪನ ಚಹಾ ಏನ್ ಕುಡಸ್ತೀರಿ? ಸಕ್ಕರಿ ಇಳದೈತಿ. ನಮ್ಮವ್ವಗ ರಮಜಾನದ ರೋಜಾದಾಗ ಹಿಂಗ ಆಗಿತ್ತು. ಸಕ್ಕರಿ ಹಾಕ್ರಿ, ಲಗೂ."

"ಅವರಿಗೆ ಸಕ್ಕರಿ ಬ್ಯಾನಿ ಐತ್ರಿ, ಭಾಬಿ."

"ಅದಕ್ಕ ಹೇಳಾಕತ್ತೀನಿ."

ವರ್ಷಗಟ್ಟಲೆ ಅತ್ತೆಯವರ ಕೈಗೆ ಸಿಗದಂತೆ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಯಲ್ಲಿ ಇಟ್ಟವಳು ನಾನೇ. ಸ್ಟೂಲು ಎಳೆಯಲು ಅಡುಗೆಮನೆಗೆ ಓಡಿದೆ. ಕಟ್ಟೆಯ ಮೇಲೆ ನನ್ನ ಕಪ್ಪು ಕಂಡಿತು. ಅದನ್ನೇ ತಂದು ಬಸಿಗೆ ಸುರುವಿ ತುಟಿಗೆ ಹಿಡಿದೆ. ಭಾಬಿ ಕತ್ತು ಎತ್ತಿ ಹಿಡಿದರು. ಒಂದು ಬಸಿ ಅರ್ಧ ಸೆರಗಿಗೆ ಹೋಯಿತು. ಎರಡನೆಯದನ್ನು ನುಂಗಿದರು, ಸದ್ದಿಲ್ಲದೆ. ಅಷ್ಟು ನಿಶ್ಶಬ್ದವಾಗಿ ಅವರು ಕುಡಿದದ್ದನ್ನು ನಾನು ನೋಡಿರಲೇ ಇಲ್ಲ.

ಮೂರನೆಯ ಬಸಿಯನ್ನು, ಎಷ್ಟೋ ಹೊತ್ತಾದ ಮೇಲೆ, ತಾವೇ ಸೊರ್ ಎಂದು ಎಳೆದರು.

"ಪಾಯಸ ಕುಡಿಸಿ ಒಪ್ಪತ್ತು ಮುರದ್ಯಲ್ಲ ನನ್ನ ಸೊಸಿ," ಎಂದರು.

ದವಾಖಾನೆಯಲ್ಲಿ, ಉಣ್ಣದೆ ಆ ಗುಳಿಗೆ ತೆಗೆದುಕೊಳ್ಳಲೇಬಾರದೆಂದು ಹೇಳಿ ಕಳಿಸಿದರು. ಈಗ ಒಪ್ಪತ್ತಿಲ್ಲ. ಸಕ್ಕರೆ ಡಬ್ಬಿ ಕೆಳಗೇ ಇದೆ. ಆದರೂ ಅವರ ಚಹಾ ಕೊಟ್ಟು ಬಂದು, ನಲ್ಲಿಯನ್ನು ತೊಟ್ಟಿಕ್ಕದಂತೆ ಬಿಗಿಯಾಗಿ ತಿರುಗಿಸಿ, ಬಾಗಿಲ ಹಿಂದೆ ನಿಲ್ಲುತ್ತೇನೆ. ಸೊರ್ ಎಂದ ಮೇಲೆಯೇ ನನ್ನ ಕಪ್ಪು ಎತ್ತುವುದು. ಕೆಲವು ದಿನ ಅವರು ಭಾಬಿಯೊಡನೆ ಮಾತಿಗೆ ಕೂತುಬಿಡುತ್ತಾರೆ. ಆಗ ನನ್ನದು ಕೆನೆಗಟ್ಟಿ ತಣ್ಣಗಾಗಿರುತ್ತದೆ.