ಬೀಗ ಬಿದ್ದ ಮನೆಗಳ ಎರಡನೇ ನಂಬರು

ಹಳೇ ಕೇಬಲ್ ವೈರಿಗೆ ಒಂದು ವಾಸನೆ ಇರುತ್ತದೆ. ಕಾದ ರಬ್ಬರು, ಗೋಡೆಯ ಸುಣ್ಣ, ಹಲ್ಲಿಯ ಹಿಕ್ಕೆ ಎಲ್ಲ ಕೂಡಿದ ವಾಸನೆ. ಮೊನ್ನೆ ಬೀದರಿನ ನಮ್ಮ ಮನೆಗೆ ಇಂಟರ್‌ನೆಟ್ ಜೋಡಿಸಲು ಬಂದವನು ಗೋಡೆಯ ತೂತಿನಿಂದ ಅಂಥದೊಂದು ಕಪ್ಪು ವೈರನ್ನು ಮೊಳದುದ್ದ ಎಳೆದು, "ಇದು ಸತ್ತದ್ ವೈರ್ ಅದರಿ ಸರ, ಕಟ್ ಮಾಡ್ಲೇನ್ರಿ?" ಎಂದು ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗಲೇ ತನ್ನ ಡಬ್ಬಿಗೆ ಬೇಕಾದ ಕರೆಂಟಿನ ವೈರಿನ ತುದಿಯನ್ನು ದವಡೆಗೆ ಕೊಟ್ಟು, ಕತ್ತನ್ನು ಒಂದು ಬದಿಗೆ ಜಗ್ಗಿ, ಸಿಪ್ಪೆ ಸುಲಿದು ಉಗಿದ.

ನನ್ನ ಎದೆ ಧಸಕ್ಕೆಂದಿತು. ಇದೇನೂ ದೊಡ್ಡ ಸಂಗತಿಯಲ್ಲ. ಕುಕ್ಕರ್ ನಾಲ್ಕನೇ ಸೀಟಿ ಹೊಡೆಯದಿದ್ದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಹಲ್ಲು, ಆ ಕತ್ತಿನ ಜಗ್ಗು... ಅದನ್ನು ನಾನು ಹಿಂದೊಮ್ಮೆ ನೋಡಿದ್ದೆ. ಎದುರಾಎದುರು ಅಲ್ಲ, ಟಿ.ವಿ.ಯಲ್ಲಿ. ಭಾಲ್ಕಿಯ ಒಂದು ಗಲ್ಲಿಯ ಪಡಸಾಲೆಯಲ್ಲಿ, ಹತ್ತಾರು ಹೆಂಗಸರ ನಡುವೆ ಕೂತು.

ಆಗ ನಾನು ಔರಾದ ಕಡೆಯ ಹಳ್ಳಿಯಿಂದ ಬಂದು ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಇವತ್ತು ಉಂಟು, ನಾಳೆ ಇಲ್ಲ ಎನ್ನುವಂಥ ನೌಕರಿ. ಬಾಡಿಗೆಗೆ ಸಿಕ್ಕದ್ದು ಮಾಳಿಗೆಯ ಮೇಲಿನ ಒಂದು ಖೋಲಿ. ಬಾಗಿಲು ತೆರೆದರೆ ಎದುರಿಗೇ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡ ದೊಡ್ಡ ಛತ್ರಿಗಳು. ಟಿ.ವಿ.ಯ ಡಿಶ್‌ಗೆ ಅಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಅವುಗಳಿಂದ ಏನೋ ಕಿರಣ ಹೊರಟು ತಲೆಗೂದಲು ಉದುರುತ್ತದೆ ಎಂದು ನಾನು ತಲೆಗೆ ಟವೆಲ್ ಸುತ್ತಿಕೊಂಡು ಮಲಗುತ್ತಿದ್ದೆ. ಕೂದಲೇನೋ ಉದುರಿತು. ಆದರೆ ಅದು ಎಷ್ಟೋ ವರ್ಷಗಳ ಮೇಲೆ, ಬೀದರಿನಲ್ಲಿ, ಯಾವ ಛತ್ರಿಯ ಹಂಗೂ ಇಲ್ಲದೆ.

ಮನೆಯೊಡತಿಯನ್ನು ಊರೆಲ್ಲ ಕೇಬಲ್ ಕಾಕು ಎನ್ನುತ್ತಿತ್ತು; ಕಾಕು ಅಂದರೆ ಚಿಕ್ಕಮ್ಮ. ಗಲ್ಲಿಗಳಿಗೆಲ್ಲ ಕೇಬಲ್ ಕೊಟ್ಟವರು ಆಕೆಯ ಗಂಡ, ಕಾಕಾ. ಅವರನ್ನು ನಾನು ನೋಡಿದ್ದು ಗೋಡೆಯ ಫೋಟೋದಲ್ಲಿ ಮಾತ್ರ. ಅಗಲ ಹಣೆ, ಬಲಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ, ನಗಲೋ ಬೇಡವೋ ಎನ್ನುವಂಥ ತುಟಿ. ಸತತ ಮಳೆ ಕೈಕೊಟ್ಟ ವರ್ಷಗಳು ಅವು. ಟ್ಯಾಂಕರ್ ಬಂದ ದಿನವೇ ಹಬ್ಬ. ಮಂದಿ ಮನೆಗೆ ಬೀಗ ಜಡಿದು ಹೈದರಾಬಾದು, ಪುಣೆ ಅಂತ ಹೊರಟುಬಿಟ್ಟರು. ನೋಡುವವರೇ ಇಲ್ಲದ ಮೇಲೆ ಕೇಬಲ್ ಯಾರಿಗೆ? ಕಾಕಾನೂ ಮುಂಬಯಿಗೆ ಹೋಗಿ, ಅಲ್ಲಿಂದ ದುಬೈ ಕಡೆ ವೈರಿಂಗ್ ಕೆಲಸಕ್ಕೆ ಹೋದರಂತೆ. ಕೆಲವು ತಿಂಗಳು ಮೂಲೆಯ ಎಸ್‌ಟಿಡಿ ಬೂತಿಗೆ ಫೋನು ಬರುತ್ತಿತ್ತು. ಆಮೇಲೆ ಬರಲಿಲ್ಲ...

ಸೀರೆಯ ಕಚ್ಚೆ ಬಿಗಿದು ಕಾಕು ತಾನೇ ಮಾಳಿಗೆ ಹತ್ತಿದಳು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ವೈರು ಎಸೆಯುತ್ತ, ಛತ್ರಿಯನ್ನು ಬೆರಳಷ್ಟು ಸರಿಸಿ, "ಸರ, ಚಿತ್ರ ಬಂತೇನ್ರಿ?" ಎಂದು ಮೇಲಿನಿಂದ ಕೂಗುತ್ತಿದ್ದಳು. ನಾನು ಕೆಳಗೆ ಟಿ.ವಿ. ಮುಂದೆ ಕೂತು "ಬಂತು, ಹೋತು, ಬಂತು" ಎನ್ನಬೇಕು. ನಾನೋ ಯಾವುದನ್ನೂ ಖಾತ್ರಿಯಾಗಿ ಹೇಳಲಾರದವನು. "ಬಂದಂಗ ಕಾಣ್ತದ್ರಿ ಕಾಕು" ಎಂದರೆ, "ಏನ್ ಸರ ಇದು, ಕಾಣ್ತದೋ ಇಲ್ಲೋ? ಪಾಠನೂ ಹಿಂಗೇ ಹೇಳ್ತೀರೇನು?" ಎಂದು ಬೈಯುತ್ತಿದ್ದಳು.

ಎರಡು ಮಾತಿನಲ್ಲಿ ಆಕೆ ಎಂದೂ ಬಗ್ಗುತ್ತಿರಲಿಲ್ಲ. ಒಂದು, ಬೀಗ ಬಿದ್ದ ಮನೆಯ ವೈರು ಕತ್ತರಿಸಬಾರದು. "ಬೀಗ ಹಾಕ್ಯಾರಂದ್ರ ಬರೋ ಮಂದಿ ಅಂತ ಅರ್ಥ. ವೈರ್ ಕಡದ್ರ ಬರಬ್ಯಾಡ್ರಿ ಅಂದಂಗ" ಎನ್ನುವಳು. ಹೀಗಾಗಿ ಜನರಿಲ್ಲದ ಮನೆಗಳಿಗೂ ಹಗಲೆಲ್ಲ ಹಾಡು, ಸುದ್ದಿ, ಕ್ರಿಕೆಟ್ಟು ಹರಿದು ಹೋಗುತ್ತಿತ್ತು. ಎರಡನೆಯದು, ಎರಡನೇ ನಂಬರಿನ ಚಾನೆಲ್ಲು. ದೂರದರ್ಶನದ ಪಕ್ಕದಲ್ಲೇ ಕಾಕಾ ಒಂದು ಅಮೆರಿಕದ ಚಾನೆಲ್ ಇಟ್ಟು ಹೋಗಿದ್ದರು. ಅದನ್ನು ಕದಲಿಸುವ ಹಾಗಿಲ್ಲ.

ಆ ಚಾನೆಲ್ಲಿನ ಹೆಸರು ಹೇಳಲಾರೆ. ಅಮೆರಿಕದಿಂದ ವಕೀಲರ ನೋಟಿಸು ಬಂದರೆ ಎಂಬ ಚಿಂತೆ ಈಗಲೇ ಶುರುವಾಗಿದೆ. ನಾನು ಕಂಡ ಅದರ ಚರಿತ್ರೆಯನ್ನಷ್ಟೇ ಹೇಳಬಹುದು. ಮೊದಲು ಅದು ಸಮುದ್ರ ತೋರಿಸುತ್ತಿತ್ತು. ತಿಮಿಂಗಿಲ, ಹವಳ, ಬೆಳಕು ಚೆಲ್ಲುವ ಮೀನು. ನಡುವೆ ಜ್ವಾಲಾಮುಖಿ, ಹುಲಿ, ಫೇರೋಗಳ ಗೋರಿ. ಎಲ್ಲದಕ್ಕೂ ಹಿಂದಿಯಲ್ಲಿ ಒಂದೇ ಗಂಡು ದನಿ, ಮಸಣದಿಂದ ಬಂದಂಥ ಗಂಭೀರ ದನಿ. ಆಮೇಲೆ ಅದು ಯಂತ್ರಗಳ ಹಿಂದೆ ಬಿತ್ತು: ಸೇತುವೆ, ಸುರಂಗ, ಮುಗಿಲು ಮುಟ್ಟುವ ಕಟ್ಟಡ. ತೋರಿಸಿದ್ದನ್ನೇ ತೋರಿಸುವುದು ಅದರ ಸ್ವಭಾವ. ಬೆಳಿಗ್ಗೆ ಬಂದದ್ದು ಮಧ್ಯಾಹ್ನ, ಈ ತಿಂಗಳದ್ದು ಮುಂದಿನ ತಿಂಗಳು. ನಮ್ಮಂಥ ಮೇಷ್ಟ್ರುಗಳ ಹಾಗೆ.

ಗಲ್ಲಿಯಲ್ಲಿ ಅದಕ್ಕೆ ಮೀನಿನ ಚಾನೆಲ್ ಎಂದು ಹೆಸರು. ಖಟಕ ಚಿಂಚೋಳಿಯಿಂದ ಬಂದು ನೆಲೆಸಿದ್ದ ಆಯಿ ಒಬ್ಬಳಿದ್ದಳು, ನಾಲಿಗೆ ಬಲು ಹರಿತ. ಖಾಲಿ ಕೊಡ ಹೊತ್ತು ಹೋಗುವಾಗ ನಿಂತು, "ಏ ಕಾಕು, ಇಲ್ಲಿ ಕುಡಿಲಿಕ್ಕ ನೀರಿಲ್ಲ, ನೀ ಸಮುದ್ರ ತೋರಸ್ತಿ. ಹೊಟ್ಟಿ ಉರಸ್ಲಿಕ್ಕೇನು?" ಎಂದು ಕೂಗುವಳು.

"ನೋಡ್ಕೋತ ಕೊಡ ತುಂಬ್ಸಕೋ ಆಯಿ" ಎಂದು ಕಾಕು ಮಾಳಿಗೆಯಿಂದಲೇ ಉತ್ತರ ಕೊಡುವಳು.

ಎದುರು ಮನೆಯ ಕತೆ ಶುರುವಾದದ್ದು ಆಗಲೇ. ಆ ಮನೆಯವರು ಹೈದರಾಬಾದಿಗೆ ಹೊರಟದ್ದು ಕರೆಂಟಿಲ್ಲದ ಒಂದು ಮಧ್ಯಾಹ್ನ. ಟಿ.ವಿ.ಯ ಗುಂಡಿ ಒತ್ತಿದಂತೆಯೇ ಇದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಕರೆಂಟಿದ್ದರಲ್ಲವೇ ಹೊಳೆಯಲು! ಬೀಗ ಹಾಕಿ, ಬೀಗಕ್ಕೆ ಅರಿಶಿಣ ಹಚ್ಚಿ, ಬಸ್ಸು ಹತ್ತಿದರು. ಸಂಜೆ ಕರೆಂಟು ಬಂತು. ಬೀಗ ಬಿದ್ದ ಮನೆಯೊಳಗಿಂದ ಗಂಡಸೊಬ್ಬ ಮಾತಾಡತೊಡಗಿದ. ಸಮುದ್ರದ ತಳದಲ್ಲಿ ಬೆಳಕೇ ಇಲ್ಲ ಎಂದು, ಅಲ್ಲಿಯೂ ಜೀವಗಳು ಕಾಯುತ್ತಿವೆ ಎಂದು... ಹಳೇ ಟಿ.ವಿ., ಕಾಕು ಹೇಳುವ ಪ್ರಕಾರ ಅದರ ಗುಂಡಿಗಳಲ್ಲಿ ನೆಟ್ಟಗಿದ್ದದ್ದು ಎರಡನೆಯದೊಂದೇ.

ಕಾರಣ ಎಲ್ಲರಿಗೂ ಗೊತ್ತಾಯಿತು, ಆದರೂ ಯಾರೂ ಆ ಬಾಗಿಲ ಮುಂದೆ ಹಾಯಲಿಲ್ಲ. ಮೀಟರ್ ಬೋರ್ಡು ಒಳಗೇ ಇತ್ತು, ಕೀಲಿ ಹೈದರಾಬಾದಿನಲ್ಲಿ. ಕರೆಂಟು ಬಂದಾಗಲೆಲ್ಲ ಮನೆ ಮಾತಾಡುವುದು, ಹೋದಾಗ ಮಾತಿನ ನಡುವೆಯೇ ಬಾಯಿ ಮುಚ್ಚುವುದು. ಕಿಟಕಿಯ ಸಂದಿಯಲ್ಲಿ ನೀಲಿ ಬೆಳಕು ಅಲ್ಲಾಡುವುದು. ನಾನಂತೂ ಎದುರಿನ ಗೋಡೆಗೆ ಬೆನ್ನು ಸವರಿಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ.

"ವೈರ್ ಕಡದು ಒಗಿ ಕಾಕು, ನಮ್ಗ ನಿದ್ದಿ ಇಲ್ಲ" ಎಂದು ಆಯಿ ಗಲ್ಲಿಯವರನ್ನು ಕೂಡಿಸಿಕೊಂಡು ಬಂದಳು.

"ಕಡಿಯೂದಿಲ್ಲ" ಎಂದಳು ಕಾಕು. "ಇವತ್ತು ಅವರದು ಕಡದ್ರ, ನಾಳಿ ನಂದೂ ಕಡದಂಗ."

ಯಾರ ಬಾಗಿಲ ಬಗ್ಗೆ ಮಾತಾಡುತ್ತಿದ್ದಾಳೆ ಎಂದು ಎಲ್ಲರಿಗೂ ತಿಳಿಯಿತು. ಆಯಿಯೂ ಮಂದಿಯನ್ನು ಕರೆದುಕೊಂಡು ಹೊರಟುಹೋದಳು.

ಅದಾಗಿ ಕೆಲ ದಿನಗಳ ಮೇಲೆ ನಾನು ಕಾಲೇಜಿನಿಂದ ಬಂದಾಗ ಕಾಕು ಹೊಸ್ತಿಲ ಮೇಲೆ ನಿಂತಿದ್ದಳು, ಕೈಯಲ್ಲಿ ತೊಳೆಯುತ್ತಿದ್ದ ತಾಟು ಹಾಗೇ ಇತ್ತು. "ಸರ, ಇವ್ರು ಕಂಡ್ರು" ಎಂದಳು. ಮೀನಿನ ಚಾನೆಲ್ಲಿನಲ್ಲಿ ಮರಳುಗಾಡಿನ ಒಂದು ಕಟ್ಟಡ ಕಟ್ಟುವುದನ್ನು ತೋರಿಸುತ್ತಿದ್ದರಂತೆ. ಹಳದಿ ಟೊಪ್ಪಿಗೆಯ ಕೂಲಿಯೊಬ್ಬ ಬೆನ್ನು ತಿರುಗಿಸಿ ಕೂತು, ವೈರಿನ ತುದಿ ದವಡೆಗೆ ಕೊಟ್ಟು, ಕತ್ತು ಬದಿಗೆ ಜಗ್ಗಿ ಸುಲಿದನಂತೆ. "ಇಪ್ಪತ್ತು ವರ್ಷ ಬೈದೀನ್ರಿ ಸರ, ಹಲ್ಲು ಹೋಗ್ತಾವು, ಪಕ್ಕಡ್ ತಗೋರಿ ಅಂತ. ಆ ಕತ್ತು ನನಗ ಗೊತ್ತಿಲ್ಲೇನ್ರಿ?" ಅವನು ಮುಖ ತಿರುಗಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತಂತೆ.

ಹಲ್ಲಿನಿಂದ ವೈರು ಸುಲಿಯುವವರು ದುನಿಯಾದಲ್ಲಿ ಲಕ್ಷ ಮಂದಿ ಇದ್ದಾರೆ ಎನ್ನಲು ಹೋದೆ. ಬದಲಿಗೆ ಆಕೆಯ ಕೈಯ ತಾಟು ಇಸಿದುಕೊಂಡು ಒಳಗಿಟ್ಟೆ.

ಸುದ್ದಿ ಗಲ್ಲಿಗೆ ಹಬ್ಬಿತು, ಗಲ್ಲಿ ತಲೆಕೆಳಗಾಯಿತು. ಮೀನಿನ ಚಾನೆಲ್ಲನ್ನು ಹಂಗಿಸುತ್ತಿದ್ದ ಹೆಂಗಸರೆಲ್ಲ ಮಧ್ಯಾಹ್ನ ಕಾಕುವಿನ ಪಡಸಾಲೆಯಲ್ಲಿ ಜಮಾಯಿಸತೊಡಗಿದರು. ಎಲ್ಲರ ಮನೆಯಿಂದಲೂ ಒಬ್ಬರಲ್ಲ ಒಬ್ಬರು ಹೋದವರೇ. ಸೇತುವೆ ಬಂದರೆ, ಹಡಗು ಬಂದರೆ, ಸುರಂಗದಿಂದ ಧೂಳು ಮೆತ್ತಿದ ಮುಖಗಳು ಹೊರಬಂದರೆ, ಮುಂದಕ್ಕೆ ಬಾಗಿ ಒಂದೊಂದೇ ಮುಖ ಹುಡುಕುತ್ತಿದ್ದರು. ಎಲ್ಲ ಬಿಳಿ ಮಂದಿ. ಆದರೂ ಹುಡುಕುತ್ತಿದ್ದರು.

"ನನ್ನ ಮಗ ಪುಣೆದಾಗ ಇಟ್ಟಂಗಿ ಹೊರ್ತಾನ. ಅದು ಯಾವಾಗ ತೋರಸ್ತಾರ್ರಿ ಸರ?" ಎಂದು ಆಯಿ ನನ್ನನ್ನು ಕೇಳಿದಳು. ಹಂಗಿಸುವ ದನಿಯಲ್ಲ ಅದು.

"ಅಮೆರಿಕದವ್ರಿಗೆ ಪುಣೆ ಇನ್ನಾ ಸಿಕ್ಕಿಲ್ಲ ಆಯಿ" ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಹೈದರಾಬಾದಿನ ಇಂಗ್ಲಿಷ್ ಪೇಪರಿನಲ್ಲಿ ಬರುತ್ತಿದ್ದ ಟಿ.ವಿ. ಕಾರ್ಯಕ್ರಮಗಳ ಪುಟ ಓದಿ ಹೇಳುವುದು ನನ್ನ ಕೆಲಸವಾಯಿತು. ಮರಳುಗಾಡಿನ ಕಟ್ಟಡ ಮತ್ತೆ ಬರಲೇಬೇಕು, ಆ ಚಾನೆಲ್ಲಿನ ಜಾಯಮಾನವೇ ಅದು. ಅಷ್ಟರಲ್ಲಿ ಪರದೆಯ ಕೆಳಗೆ ಇಂಗ್ಲಿಷಿನ ಒಂದು ಪಟ್ಟಿ ಓಡತೊಡಗಿತು. ಕಾಕು ಓದಿಸಿದಳು. ತಿಂಗಳ ಕೊನೆಯಿಂದ ಚಾನೆಲ್ಲು ಪುಕ್ಕಟೆ ಸಿಗುವುದಿಲ್ಲ, ಕಂಪನಿಯ ಡಬ್ಬಿ ಇದ್ದವರಿಗೆ ಮಾತ್ರ. ಅರ್ಧ ಊರೇ ಖಾಲಿಯಾದ ಕೇಬಲ್ಲಿಗೆ ಆ ಡಬ್ಬಿ ಎಟುಕುವ ಮಾತಲ್ಲ. "ಅಷ್ಟರೊಳಗ ಒಮ್ಮಿ ಇವ್ರ ಮಾರಿ ಕಂಡ್ರ ಸಾಕು" ಎಂದಳು ಕಾಕು.

ತಿಂಗಳು ಮುಗಿಯಲು ಬಂದಾಗ ಪೇಪರಿನಲ್ಲಿ ಆ ಹೆಸರು ಸಿಕ್ಕಿತು. ಕರೆಂಟು ಹೋದೀತು ಎಂದು ನಾನು ಹಿಂದಿನ ದಿನವೇ ಆಯಿಯ ಅಳಿಯನ ಟ್ರ್ಯಾಕ್ಟರಿನ ಬ್ಯಾಟರಿ ತರಿಸಿ ಜೋಡಿಸಿದ್ದೆ. ಬ್ಯಾಟರಿ ಕೈಕೊಟ್ಟೀತು ಎಂದು ಇನ್ನೊಂದನ್ನೂ ತರಿಸಿದ್ದೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಕಾಕಾನ ಫೋಟೋದ ಕೆಳಗೆ ಗೋಡೆಗೆ ಒರಗಿ ನಿಂತಿದ್ದೆ.

ಮರಳು ಬಂತು. ಕಟ್ಟಡ ಬಂತು. ಹಳದಿ ಟೊಪ್ಪಿಗೆಯವನು ಬಂದ. ವೈರು ದವಡೆಗೆ ಕೊಟ್ಟ, ಕತ್ತು ಜಗ್ಗಿದ, ಸುಲಿದ. ಆಮೇಲೆ, ಯಾರೋ ಕರೆದಂತೆ, ನಮ್ಮ ಕಡೆ ತಿರುಗಿ ನೋಡಿದ.

ಹರೆಯದ ಹುಡುಗ. ಕಿರಿದಾದ ಹಣೆ, ಮಚ್ಚೆ ಇಲ್ಲದ ಕೆನ್ನೆ. ನನ್ನ ತಲೆಯ ಮೇಲಿದ್ದ ಮುಖಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ.

ಎಲ್ಲರೂ ಕಾಕುವಿನ ಬಾಯಿ ನೋಡುತ್ತಿದ್ದರು. ಮುಂದೆ ಕೂತವರು ಎದ್ದು ಪರದೆಗೆ ಅಡ್ಡ ಬಂದಿದ್ದರು. ಯಾರು ಎಷ್ಟು ಕಂಡರೋ... ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, ನಿಧಾನವಾಗಿ, "ಹೌದು. ಇವ್ರೇ" ಎಂದಳು.

ಆಯಿ ಹೋ ಎಂದು ಅತ್ತಳು. ಹೆಂಗಸರು ಕಾಕುವಿನ ಗಲ್ಲ ಸವರಿ ಬೆರಳು ಮುರಿದರು. "ಸೊರಗ್ಯಾರ ನೋಡ್ವಾ, ಊಟ ಹೆಂಗದನೋ" ಎಂದು ಯಾರೋ ಅಂದರು. ಕಾಕು ಎಲ್ಲರಿಗೂ ಬೆಲ್ಲ ಹಂಚಿದಳು. ನನ್ನ ಕೈಗೂ ಒಂದು ಹರಳು ಹಾಕಿದಳು, ಮುಖ ನೋಡಲಿಲ್ಲ.

ಹೆಂಗಸರೆಲ್ಲ ಹೋದ ಮೇಲೆ ಕಾಕು ಮಾಳಿಗೆ ಹತ್ತಿ ಬಂದು ಛತ್ರಿಗೆ ಆತುಕೊಂಡು ನಿಂತಳು. "ನೀವು ಫೋಟೋ ಬುಡಕ ನಿಂತಿದ್ರಿ. ನೋಡೀರಿ."

"ಹೂಂ ಕಾಕು."

"ನಾ ಅಲ್ಲ ಅಂದಿದ್ರ ಸರ, ಆಯಿ ಮಗನೂ ಅಲ್ಲ ಆಗ್ತಿದ್ದ. ಎಲ್ಲಾರ ಮನಿಯವ್ರೂ ಅಲ್ಲ ಆಗ್ತಿದ್ರು." ಛತ್ರಿಯ ಧೂಳು ಒರೆಸುತ್ತ ಮತ್ತೆ ಅಂದಳು. "ಆ ಹುಡುಗನೂ ಯಾರದೋ ಮನಿಯವನ ಅಲ್ಲೇನ್ರಿ. ಅವರ ಮನಿಯಾಗ ಟಿ.ವಿ. ಅದನೋ ಇಲ್ಲೋ."

ತಿಂಗಳು ಮುಗಿಯಿತು. ಮಾತಿನ ನಡುವೆಯೇ ಆ ಗಂಭೀರ ದನಿ ನಿಂತು, ಎರಡನೇ ನಂಬರಿನಲ್ಲಿ ಬರೀ ಬಿಳಿ ಕಾಳು ಕುದಿಯತೊಡಗಿತು. ಅಲ್ಲಿ ಮರಾಠಿ ಸಿನಿಮಾ ಹಾಕು ಎಂದು ಮಂದಿ ಎಷ್ಟು ಕೇಳಿದರೂ ಕಾಕು ಹಾಕಲಿಲ್ಲ. ಆ ಜಾಗ ಖಾಲಿ ಇಟ್ಟಳು. ಕರೆಂಟು ಬಂದಾಗಲೆಲ್ಲ ಎದುರು ಮನೆ ಈಗ ಮಾತಾಡುತ್ತಿರಲಿಲ್ಲ, ಸುಯ್ಯನೆ ಉಸಿರಾಡುತ್ತಿತ್ತು. ಮಾತಿಗಿಂತ ಆ ಉಸಿರಿಗೇ ನಾನು ಹೆಚ್ಚು ಹೆದರಿದೆ. ಆಯಿ ಮಾತ್ರ ಆ ಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವುದನ್ನು ರೂಢಿ ಮಾಡಿಕೊಂಡಳು. ಒಂದು ದಿನ ಆ ಉಸಿರೂ ನಿಂತಿತು. ಟಿ.ವಿ. ಸುಟ್ಟಿರಬೇಕು...

ನನಗೆ ಬೀದರಿನಲ್ಲಿ ಕಾಯಂ ನೌಕರಿ ಸಿಕ್ಕಿತು. ಹೋಗಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಕಾಕು ತೀರಿಕೊಂಡ ಸುದ್ದಿ ಭಾಲ್ಕಿ ಬಸ್ಸಿನಲ್ಲಿ ಸಿಕ್ಕ ಹಳೇ ವಿದ್ಯಾರ್ಥಿಯೊಬ್ಬನಿಂದ ತಿಳಿಯಿತು. ಕಾಕಾ ಬರಲಿಲ್ಲವಂತೆ. ಕೇಬಲ್ಲು ಕೊಂಡವರು ಮೊದಲ ವಾರವೇ ಬೀಗದ ಮನೆಗಳ ವೈರನ್ನೆಲ್ಲ ಕಡಿದು ಸುತ್ತಿಟ್ಟರಂತೆ.

ಆ ಚಾನೆಲ್ಲು ಈಗಲೂ ಇದೆ. ಸಮುದ್ರ ಯಾವಾಗಲೋ ಬತ್ತಿತು. ಆಮೇಲೆ ಚಿನ್ನ ಅಗೆಯುವವರು, ಗುಜರಿ ಹರಾಜು ಹಾಕುವವರು ಬಂದರು. ಈಚೆಗೆ ಮೀಟರು ಹಿಡಿದುಕೊಂಡ ಅಮೆರಿಕನ್ನರು ಪಾಳುಬಿದ್ದ ಮನೆಗಳನ್ನು ಹೊಕ್ಕು "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಭೂತಗಳನ್ನು ಕೂಗುತ್ತಾರೆ. ನಮ್ಮ ಗಲ್ಲಿಯಲ್ಲಿ ಬೀಗದ ಮನೆಯ ಭೂತವಾಗಿದ್ದದ್ದು ಅವರೇ ಎಂದು ಅವರಿಗೆ ಯಾರು ಹೇಳಬೇಕು? ಹೆಂಡತಿ ಮಲಗಿದ ಮೇಲೂ ದನಿ ಸಣ್ಣದು ಮಾಡಿ ನಾನದನ್ನು ನೋಡುತ್ತೇನೆ. ಭೂತಕ್ಕಾಗಿ ಅಲ್ಲ. ನಡುವೆ ಎಲ್ಲಾದರೂ ಕೂಲಿಯವರು ಬಂದರೆ ನನಗರಿವಿಲ್ಲದೆಯೇ ಮುಂದಕ್ಕೆ ಬಾಗುತ್ತೇನೆ. ಬಲಗೆನ್ನೆಯ ಮೇಲೊಂದು ಮಚ್ಚೆ...

"ಸರ, ಕಟ್ ಮಾಡ್ಲೇನ್ರಿ?" ಇಂಟರ್‌ನೆಟ್ಟಿನವನು ಮತ್ತೆ ಕೇಳಿದ.

"ಬ್ಯಾಡಪ್ಪ, ಇರಲಿ" ಎಂದೆ.

"ಇದರಾಗ ಏನೂ ಬರೂದಿಲ್ರಿ."

"ಗೊತ್ತದ" ಎಂದೆ. ಅವನು ನಕ್ಕು, ಆ ಮೊಳದುದ್ದ ವೈರನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿ ಹೋದ.