ಕಾಲಿಗೊಂದು ಗೋಡೆ

ಮುದ್ದೇಬಿಹಾಳದ ಡಾಕ್ಟರು ನನ್ನ ಎಡಗಾಲಿನಲ್ಲಿ ಉಬ್ಬಿದ್ದ ನರಗಳನ್ನು ಒತ್ತಿ ನೋಡಿ, ನಿಲ್ಲುವುದನ್ನು ಕಡಿಮೆ ಮಾಡಬೇಕೆಂದರು. ನಾನು ಅಲ್ಲಿನ ಶಾಲೆಯೊಂದರಲ್ಲಿ ಟೀಚರು. ತಾಳಿಕೋಟೆಯಿಂದ ಬಸ್ಸಿನಲ್ಲಿ ನಿಂತೇ ಬಂದು, ತರಗತಿಯಲ್ಲಿ ನಿಂತು, ಮನೆಗೆ ಹೋಗಿ ಒಲೆಯ ಮುಂದೆ ನಿಲ್ಲುವವಳು. ನನಗೆ ನಗು ಬಂತು. ಡಾಕ್ಟರು ನಗಲಿಲ್ಲ. ಕಾಲಿನ ಗಿಣ್ಣಿನ ಮೇಲೆ ಚರ್ಮ ಆಗಲೇ ಕಪ್ಪಾಗಿತ್ತು.

"ಹಿಂಗ ಬಿಟ್ರ ಅಲ್ಲಿ ಹುಣ್ಣಾಗ್ತೈತ್ರಿ. ಬಿಗಿ ಕಾಲುಚೀಲ ಹಾಕ್ಕೋರಿ. ದಿನಾ ಸಂಜಿಗೆ ಅಂಗಾತ ಮಲಗಿ ಕಾಲು ಮ್ಯಾಲೆತ್ತಿ ಗ್ವಾಡಿಗೆ ಹಚ್ಚಿ ಇಡ್ರಿ."

ಕಾಲುಚೀಲವೇನೋ ಕೊಂಡೆ. ಈ ಬಿಸಿಲಿನಲ್ಲಿ ಅದನ್ನು ಏರಿಸುವುದೇ ಒಂದು ಯುದ್ಧ, ಅದನ್ನೂ ಗೆದ್ದೆ. ಸೋತದ್ದು ಗೋಡೆಯ ಹತ್ತಿರ. ನಮ್ಮ ಮನೆಗೆ ಇರುವುದು ಒಂದೇ ಕೋಣೆ, ಒಂದು ಇಕ್ಕಟ್ಟಾದ ಅಡುಗೆಮನೆ. ಪೂರ್ವದ ಗೋಡೆಯಲ್ಲಿ ಬಾಗಿಲು. ಅಲ್ಲಿ ಕಾಲೆತ್ತಿದರೆ ಓಣಿಗೆಲ್ಲ ನನ್ನ ಅಂಗಾಲಿನ ದರ್ಶನ. ಉತ್ತರದ ಗೋಡೆಯ ತುಂಬ ಕಬ್ಬಿಣದ ಕಪಾಟು. ದಕ್ಷಿಣಕ್ಕೆ ಅತ್ತೆಯ ಮಂಚ. ಹಿರಿಯರ ಕಡೆ ಕಾಲು ಚಾಚುವುದುಂಟೆ? ಖಾಲಿ ಇದ್ದದ್ದು ಪಶ್ಚಿಮದ ಗೋಡೆ ಒಂದೇ. ಅದು ನಾವು ನಮಾಜಿಗೆ ಮುಖ ಮಾಡುವ ದಿಕ್ಕು. ಚಿಕ್ಕವಳಿದ್ದಾಗ ಆ ಕಡೆ ಕಾಲು ಮಾಡಿ ಮಲಗಿದರೆ ಅಮ್ಮ ತೊಡೆ ಚಿವುಟಿ ಎಬ್ಬಿಸುತ್ತಿದ್ದಳು.

"ಕಪಾಟು ಸರಸೂಣೇನ್ರಿ?" ಎಂದು ಗಂಡನನ್ನು ಕೇಳಿದೆ.

"ಎಲ್ಲಿಗೆ ಸರಸ್ತಿ?" ಎಂದವರು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದರು.

ನಾಲ್ಕು ಗೋಡೆಯ ಮನೆಯಲ್ಲಿ ನನ್ನ ಎರಡು ಕಾಲಿಗೆ ಜಾಗವಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ದಿನಾ ಸಂಜೆ ಕಾಲು ಇಳಿಬಿಟ್ಟುಕೊಂಡೇ ಕೂತೆ. ಕಪ್ಪು ಮೇಲೇರುತ್ತ ಹೋಯಿತು.

ಒಂದು ಸಂಜೆ ಕಾಲುಚೀಲ ಕಳಚುವಾಗ ಅತ್ತೆ ಬಗ್ಗಿ ನೋಡಿದರು.

"ನಮ್ಮ ಅಕ್ಕಗೂ ಹಿಂಗ ಕರ್ರಗಾಗಿ ಹುಣ್ಣಾಗಿತ್ತು. ಸಾಯೂತನಕ ಮಾಯಲಿಲ್ಲ," ಎಂದರು. ಆಮೇಲೆ ಮಂಚದ ಮೇಲೆ ತಮ್ಮ ಪಕ್ಕದಲ್ಲೇ ಒಂದು ದಿಂಬು ಇಟ್ಟರು. "ನೀ ಕೆಳಗ ಮಲಗು. ಕಾಲು ಇದರ ಮ್ಯಾಲ ಇಡು."

"ನಿಮ್ಮ ಬಾಜೂಕ? ಬ್ಯಾಡ್ರಿ ಅಮ್ಮಾ."

"ಗ್ವಾಡಿ ಹುಡುಕಿದ್ದು ಸಾಕು."

ನನ್ನ ಹಿಮ್ಮಡಿ ಹಿಡಿದು ತಾವೇ ಎತ್ತಿ ಇಟ್ಟರು. ಇಷ್ಟು ದಿನ ಮನೆಮಂದಿಯ ಮೇಲೆಲ್ಲ ಸಿಡುಕಿದವಳು ಸೂರು ನೋಡುತ್ತ ಮಲಗಿದೆ. ಕಾಲು ಕೊರಡಿನಂತೆ ಸೆಟೆದಿತ್ತು. ಅವರ ಸೆರಗಿಗೆ ಎಲ್ಲಿ ತಾಗುತ್ತದೋ ಎಂದು ಬೆರಳುಗಳನ್ನೂ ಮಡಚಿಕೊಂಡಿದ್ದೆ.

"ಸಡ್ಲ ಬಿಡವಾ," ಎಂದರು ಅತ್ತೆ.

ಈಗಲೂ ದಿನಾ ಸಂಜೆ ಅದನ್ನೇ ಹೇಳುತ್ತಾರೆ. ಹೂಂ ಎನ್ನುತ್ತೇನೆ. ಸಡಿಲ ಬಿಡಲು ಬರುವುದಿಲ್ಲ.