ಚುರುಮುರಿ ತಿಂದ ಟ್ರೌಟ್

ಮೂರು ಬೇಸಿಗೆಯಿಂದ ಲಂಡನ್ನಿನ ವಾಂಡಲ್ ಹೊಳೆಯಲ್ಲಿ ನಿಂತು ಗಾಳದ ಕೋಲು ಬೀಸುತ್ತಿದ್ದೆ. ಒಂದೇ ಒಂದು ಟ್ರೌಟ್ ಮೀನು ಸಿಕ್ಕಿರಲಿಲ್ಲ. ಗಿಡದ ಟೊಂಗೆ ಸಿಕ್ಕಿತ್ತು, ಯಾರೋ ಎಸೆದ ಅಂಗಡಿ ಟ್ರಾಲಿ ಸಿಕ್ಕಿತ್ತು, ಒಮ್ಮೆ ನನ್ನದೇ ಟೋಪಿ ಸಿಕ್ಕಿತ್ತು. ಗರಿ, ನೂಲು ಸುತ್ತಿ ಮಾಡಿದ ಸುಳ್ಳು ನೊಣವನ್ನು ನೀರಿನ ಮೇಲೆ ತೇಲಿಬಿಟ್ಟು ಮೀನನ್ನು ಮರುಳು ಮಾಡುವ ಆಟವಿದು. ಮರುಳಾದವಳು ನೀನೊಬ್ಬಳೇ ಎಂದು ಗಂಡ ನಗುತ್ತಿದ್ದ.

ಧಾರವಾಡದಿಂದ ಬಂದಿದ್ದ ಅತ್ತೆ ಮಾತ್ರ ನಗಲಿಲ್ಲ. ಮನೆತನದಲ್ಲಿ ಮೊಟ್ಟೆ ಮುಟ್ಟಿದವರಿಲ್ಲ, ಸೊಸೆ ನೋಡಿದರೆ ಮೀನು ಹಿಡಿಯುತ್ತಾಳೆ! ಹಿಡಿದ ಮೀನನ್ನು ಅಲ್ಲೇ ಬಿಟ್ಟುಬಿಡುತ್ತೇವೆ, ಕೊಲ್ಲುವುದಿಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು.

"ಹಂಗಾರ ನಾನೂ ಬರತೀನಿ. ಒಂದ ಮೀನ ಸತ್ತರೂ ಆ ಕೋಲ ಮುರದು ಒಲ್ಯಾಗ ಹಾಕಬೇಕು. ಆತಿಲ್ಲೋ?"

"ಆತ್ರಿ," ಅಂದೆ ಸಿಟ್ಟಿನಲ್ಲಿ. ಫೆಲ್ಥಮ್‌ನ ನಮ್ಮ ಫ್ಲಾಟಿನಲ್ಲಿ ಕೋಲು ಹಾಕುವಂಥ ಒಲೆ ಎಲ್ಲಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ವಾರವೆಲ್ಲ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಜನರ ಸಿಡಿಮಿಡಿ ಕೇಳುವ ನನಗೆ ಆ ಹೊಳೆಯೊಂದೇ ಸಮಾಧಾನ. ಬಾಯಿ ತಪ್ಪಿ ಅದನ್ನೇ ಪಣಕ್ಕಿಟ್ಟಿದ್ದೆ.

ಭಾನುವಾರ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮಂಡಿಯುದ್ದ ನೀರಿಗಿಳಿದೆ. ಅತ್ತೆ ದಂಡೆಯಲ್ಲಿ ಕೂತು, ಕೈಚೀಲ ಬಿಚ್ಚಿ, ಮುಷ್ಟಿ ತುಂಬ ಒಗ್ಗರಣೆಯಿಲ್ಲದ ಬಿಳಿ ಚುರುಮುರಿ ತೆಗೆದು ಹೊಳೆಗೆ ಎರಚಿದರು. ಊರಿನ ದೇವಸ್ಥಾನದ ಹೊಂಡದಲ್ಲಿ ಮೀನಿಗೆ ಹಾಕುತ್ತಾರಲ್ಲ, ಹಾಗೆ.

"ಅತ್ತ್ಯಾರ, ಹಾಕಬ್ಯಾಡ್ರಿ! ಮೀನ ಬೆದರತಾವು!"

"ಉಣ್ಣಾಕ ಹಾಕಿದರ ಯಾರರ ಬೆದರತಾರೇನ?"

ಬಾತುಕೋಳಿಗಳು ಓಡಿಬಂದವು. ಇವತ್ತಿನ ಕಥೆ ಮುಗಿಯಿತು ಎಂದು ಹಲ್ಲು ಕಡಿದೆ. ಅಷ್ಟರಲ್ಲಿ ಆಚೆಯ ಮರದ ನೆರಳಿನಲ್ಲಿ ಕಂದು ಬೆನ್ನೊಂದು ಮೇಲೆದ್ದು, ಒಂದು ಚುರುಮುರಿಯನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ಟ್ರೌಟ್! ಡಬ್ಬಿಯಲ್ಲಿದ್ದ ಸುಳ್ಳು ನೊಣಗಳಲ್ಲಿ ಚುರುಮುರಿಯಷ್ಟು ಬಿಳಿಯದನ್ನು ಹುಡುಕಿದೆ. ಅವಸರಕ್ಕೆ ದಾರದ ಗಂಟು ಮೂರು ಸಲ ಜಾರಿತು. ಕೋಲು ಬೀಸಿದೆ. ನೊಣ ಚುರುಮುರಿಗಳ ನಡುವೆಯೇ ಹೋಗಿ ಕೂತಿತು. ಮೀನು ಒಂದು ಚುರುಮುರಿ ತಿಂದಿತು, ಇನ್ನೊಂದು ತಿಂದಿತು, ಆಮೇಲೆ ನನ್ನದನ್ನು!

"ಸಿಕ್ಕತ್ರೀ!" ಎಂದು ಕಿರುಚಿದೆ. ಕೋಲು ಬಾಗಿತು, ದಾರ ಸರ್ರನೆ ಓಡಿತು.

ಅತ್ತೆ ಎದ್ದು ನಿಂತಿದ್ದರು. "ನಾ ಉಣ್ಣಾಕ ಹಾಕಿದರ ನೀ ಗಾಳಾ ಹಾಕಿದಿ! ಊಟಕ್ಕ ಕರದು ಕುತಗಿ ಹಿಚಕತಾರೇನ?"

ಮಾತು ನಾಟಿತು. ಆದರೆ ದಾರ ಬಿಡುವ ಹಾಗಿರಲಿಲ್ಲ. ಮೀನು ಪಾಚಿಯೊಳಗೆ ನುಗ್ಗಿತು, ಹೊರಬಂತು, ಕೊನೆಗೆ ಕೈಬಲೆಗೆ ಬಂತು. ಗೇಣಿಗಿಂತ ಸ್ವಲ್ಪ ಉದ್ದ, ಮೈತುಂಬ ಕೆಂಪು ಚುಕ್ಕೆ. ಗಾಳ ಬಿಡಿಸಿದ ಮೇಲೂ ಆಸೆಬುರುಕಿಯಂತೆ ಎತ್ತಿ ಹಿಡಿದು ನೋಡುತ್ತಲೇ ಇದ್ದೆ. ನೀರಿಗೆ ಬಿಟ್ಟೆ. ಅದು ಈಜಲಿಲ್ಲ. ಮಗ್ಗುಲಾಗಿ ತೇಲಿತು.

"ಸತ್ತತೇನ?" ಅತ್ತೆ ದಂಡೆಯಿಂದ ಕೂಗಿದರು.

ತಪ್ಪು ನನ್ನದೇ. ನೀರಿನ ಹೊರಗೆ ಅಷ್ಟು ಹೊತ್ತು ಹಿಡಿದಿದ್ದೆ. ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿಸಿ ಹಿಡಿದೆ, ಕಿವಿರಿನೊಳಗೆ ನೀರು ಹಾಯಲಿ ಎಂದು. ಕೋಲಿನ ಚಿಂತೆ ಆಗ ಇರಲಿಲ್ಲ, ನಿಜ ಹೇಳುತ್ತೇನೆ. ಪಕ್ಕದಲ್ಲಿ ನೀರಿನ ಸಪ್ಪಳವಾಯಿತು. ಅತ್ತೆ ಸೀರೆ ಎತ್ತಿ ಕಟ್ಟಿ ಹೊಳೆಗೆ ಇಳಿದಿದ್ದರು. ಜನ್ಮದಲ್ಲಿ ಮೀನು ಮುಟ್ಟದ ಕೈಯನ್ನು ಅದರ ಹೊಟ್ಟೆಯ ಕೆಳಗೆ ಇಟ್ಟರು.

"ಏಳ ನನ್ನವ್ವ, ಏಳ," ಎಂದು ಸಾಲೆಗೆ ಹೋಗುವ ಹುಡುಗಿಯನ್ನು ಎಬ್ಬಿಸಿದಂತೆ ಎಬ್ಬಿಸಿದರು.

ಕಿವಿರು ಒಮ್ಮೆ ತೆರೆಯಿತು. ಮತ್ತೊಮ್ಮೆ. ಇದ್ದಕ್ಕಿದ್ದಂತೆ ಬಾಲ ಪಟೀರನೆ ಬಡಿದು, ಅತ್ತೆಯ ಮುಖಕ್ಕೆ ನೀರು ಹಾರಿಸಿ, ಮೀನು ಮರದ ನೆರಳಿಗೆ ಓಡಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ದಂಡೆ ಹತ್ತಿದರು. ಇನ್ನು ಬೈಗುಳ ಶುರು ಎಂದು ನಾನು ತಲೆ ತಗ್ಗಿಸಿ ನಿಂತೆ. ಕೈಚೀಲ ಬಿಚ್ಚಿದ ಸದ್ದಾಯಿತು. ಇನ್ನೊಂದು ಮುಷ್ಟಿ ಚುರುಮುರಿ ಆ ನೆರಳಿನ ಮೇಲೇ ಹೋಗಿ ಬಿತ್ತು.

"ಏನ ನೋಡಕೋತ ನಿಂತಿ? ಕೋಲ ತಗೋ."